ಆ ಟ್ರಂಕನ್ನು ಗುಜರಿಗೆ ಹಾಕಬೇಡ ಕಣೋ ವೆಂಕಿ

ಪ್ರೀತಿಯ ವೆಂಕಿ,

ಕೋಲಾರದ ಚಿನ್ನದ ಗಣಿಯಲ್ಲಿ (ಕೆಜಿಎಫ್) ಕೆಲಸ ಮಾಡಿದ ತಾತನ ಟ್ರಂಕು ತೆಗೆದೆ, ಒಳಗೆ ಒಂದು ಫೋಟೊ ಕೂಡ ಇಲ್ಲ, ಬರೀ ಸಂಬಳದ ಚೀಟಿ, ಹರಿದ ಲೆಡ್ಜರು, ಬಟ್ಟೆ ಅಂಟಿಸಿದ ನಕಾಶೆ ಸುರುಳಿ ಅಂತ ಬರೆದಿದ್ದೀಯ. ಗುಜರಿಯವನು ಕೆಜಿ ಲೆಕ್ಕದಲ್ಲಿ ಕೇಳ್ತಿದ್ದಾನೆ, ಕೊಟ್ಟುಬಿಡ್ಲಾ ಅಂತ ಕೇಳಿದ್ದೀಯ. ಕೊಡಬೇಡ. ಫೋಟೊ ಇದ್ದಿದ್ದರೆ ನನಗೆ ಇಷ್ಟು ಗಾಬರಿ ಆಗ್ತಿರಲಿಲ್ಲ. ಫೋಟೊ ಯಾರಾದರೂ ಉಳಿಸಿಕೊಳ್ತಾರೆ. ನೋಡಿದರೆ ಆಕಳಿಕೆ ಬರುವ ಕಾಗದಕ್ಕೆ ಮಾತ್ರ ದಿಕ್ಕಿಲ್ಲ. ನಿನ್ನ ಟ್ರಂಕಿನಲ್ಲಿರೋದು ಅದೇ.

ಯಾಕೆ ಅಂತ ಹೇಳ್ತೀನಿ. ನಾನಿರೋದು ಪೆನ್ಸಿಲ್ವೇನಿಯಾದ ಪಶ್ಚಿಮ ಭಾಗ ಅಂತ ನಿನಗೆ ಗೊತ್ತು. ಇಲ್ಲಿಂದ ಆಗ್ನೇಯಕ್ಕೆ ಹೋದರೆ ಸಾಮರ್‌ಸೆಟ್ ಕೌಂಟಿ, ಅಲ್ಲಿ ಕ್ವೀಕ್ರೀಕ್ ಅಂತ ಒಂದು ಕಲ್ಲಿದ್ದಲು ಗಣಿ. 2002ರ ಜುಲೈ 24ರ ರಾತ್ರಿ ಅಲ್ಲಿ ಕೆಲಸ ಮಾಡ್ತಿದ್ದವರು ಕಲ್ಲಿದ್ದಲಿನ ಗೋಡೆ ಕೊರೀತಿದ್ದಾಗ ಆಚೆ ಬದಿಯಿಂದ ನೀರು ನುಗ್ಗಿತು. ಆಚೆ ಇದ್ದದ್ದು ಸಾಕ್ಸ್‌ಮನ್ ಅನ್ನೋ ಹಳೇ ಗಣಿ. 1960ರ ದಶಕದಲ್ಲೇ ಮುಚ್ಚಿದ್ದು, ಒಳಗೆ ಕೋಟಿಗಟ್ಟಲೆ ಗ್ಯಾಲನ್ ನೀರು ತುಂಬಿಕೊಂಡಿತ್ತು. ಇವರ ಕೈಲಿದ್ದ ನಕಾಶೆ ಪ್ರಕಾರ ಆ ಗಣಿ ಇನ್ನೂ 300 ಅಡಿ ದೂರ ಇರಬೇಕಿತ್ತು.

ಒಳಗೆ ಒಟ್ಟು ಹದಿನೆಂಟು ಜನ. ನೀರು ಕಂಡವರು ಗಣಿಯ ಫೋನಿನಲ್ಲಿ ಇನ್ನೊಂದು ತಂಡಕ್ಕೆ ಸುದ್ದಿ ಮುಟ್ಟಿಸಿದ್ದರಿಂದ ಒಂಬತ್ತು ಜನ ಓಡಿ ಹೊರಬಂದರು. ಸುದ್ದಿ ಮುಟ್ಟಿಸಿದ ಒಂಬತ್ತು ಜನ ಅಲ್ಲೇ ಸಿಕ್ಕಿಬಿದ್ದರು. ನೆಲದಿಂದ 240 ಅಡಿ ಕೆಳಗೆ, ಸೊಂಟದವರೆಗೆ ತಣ್ಣೀರು. ಮೇಲಿನವರು ಜಿಪಿಎಸ್ ಇಟ್ಟು ಲೆಕ್ಕ ಹಾಕಿ ಮೊದಲು ಆರಿಂಚಿನ ಕೊಳವೆ ಇಳಿಸಿ ಗಾಳಿ ಬಿಟ್ಟರು. ದೊಡ್ಡ ರಂಧ್ರ ಕೊರೆಯುವಾಗ ಡ್ರಿಲ್ಲಿನ ಕೊರೆಯುವ ತುದಿ ಅರ್ಧದಲ್ಲೇ ಮುರೀತು. ಕೆಳಗಿನವರು ಉಳಿಯೋದಿಲ್ಲ ಅಂದುಕೊಂಡು ಹೆಂಡತಿ ಮಕ್ಕಳಿಗೆ ಚೀಟಿ ಬರೆದು ಒಂದು ಬಕೆಟ್ಟಿನಲ್ಲಿ ಹಾಕಿ ಮುಚ್ಚಿಟ್ಟರು, ಸತ್ತರೂ ಎಲ್ಲರೂ ಒಂದೇ ಕಡೆ ಸಿಗಲಿ ಅಂತ ಹಗ್ಗದಿಂದ ಒಬ್ಬರಿಗೊಬ್ಬರು ಕಟ್ಟಿಕೊಂಡರು. 28ರ ಬೆಳಗಿನ ಜಾವ ಇಪ್ಪತ್ತೆರಡು ಇಂಚು ಅಗಲದ ಕಬ್ಬಿಣದ ತೊಟ್ಟಿಯಲ್ಲಿ ಒಬ್ಬೊಬ್ಬರನ್ನೇ ಎಳೆದು ತೆಗೆದರು. ಒಂಬತ್ತೂ ಜನ ಬದುಕಿದರು.

ಇಲ್ಲಿಯವರೆಗಿನದು ಟಿವಿಯಲ್ಲಿ ಬಂದ ಕಥೆ. ನನಗೆ ನಿದ್ದೆ ಕೆಡಿಸಿದ್ದು ತನಿಖೆಯಲ್ಲಿ ಹೊರಬಿದ್ದ ಸಂಗತಿ. ಗಣಿಯವರು ಇಟ್ಟುಕೊಂಡಿದ್ದ ನಕಾಶೆಗೆ ತಾರೀಖು ಇರಲಿಲ್ಲ, ಯಾರೂ ದೃಢೀಕರಿಸಿ ಸಹಿ ಹಾಕಿರಲಿಲ್ಲ, ಕೊನೆಗೆ ಎಲ್ಲಿಯವರೆಗೆ ಅಗೆದಿದ್ದರು ಅನ್ನೋದು ಅದರಲ್ಲಿ ಇರಲೇ ಇಲ್ಲ. ಹಾಗಾದರೆ ಕೊನೆಯ ನಕಾಶೆ ಎಲ್ಲಿತ್ತು? ವಿಂಡ್‌ಬರ್ ಅನ್ನೋ ಊರಿನ ಕಲ್ಲಿದ್ದಲು ಮ್ಯೂಸಿಯಂನಲ್ಲಿ. ತೀರಿಹೋದ ಗಣಿ ಇನ್ಸ್‌ಪೆಕ್ಟರೊಬ್ಬರ ಮನೆಯವರು ಕೊಟ್ಟ ಕಾಗದಗಳ ಜೊತೆ ಅದೂ ಬಂದು ಕೂತಿತ್ತು. ಯಾರ ಮೇಲೂ ತಪ್ಪು ಹೊರಿಸೋ ಹಾಗಿಲ್ಲ. ಮನೆಯವರು ಒಳ್ಳೇ ಕೆಲಸ ಮಾಡಿದರು, ಮ್ಯೂಸಿಯಂನವರು ಜೋಪಾನವಾಗಿ ಇಟ್ಟರು. ಆದರೆ ಆ ಕಾಗದ ಅಲ್ಲಿದೆ ಅಂತ ಗೊತ್ತಾಗಬೇಕಾದವರಿಗೆ ಗೊತ್ತಿರಲಿಲ್ಲ. ಅದಾದ ಮೇಲೆ ಪೆನ್ಸಿಲ್ವೇನಿಯಾ ಸರ್ಕಾರ ಹಳೇ ಗಣಿ ನಕಾಶೆ ಎಲ್ಲೆಲ್ಲಿವೆ ಅಂತ ಹುಡುಕಿ ಸ್ಕ್ಯಾನ್ ಮಾಡೋಕೆ ಶುರುಮಾಡಿತು. ಕನ್ಸಾಲ್ ಅನ್ನೋ ದೊಡ್ಡ ಕಂಪನಿಯ ನಕಾಶೆಗಳು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿವೆ. ಅಂಥ ನಕಾಶೆ ಒಂದನ್ನು ಪೂರ್ತಿ ಬಿಚ್ಚಿದರೆ ನಮ್ಮ ಮನೆ ನಡುಮನೆ ಸಾಲೋದಿಲ್ಲ.

ಗಣಿ ನಕಾಶೆ ಹತ್ತಿರದಿಂದ ನೋಡಿದ್ದೀಯಾ? ಲಿನನ್ ಬಟ್ಟೆ ಮೇಲೆ ಶಾಯಿಯಲ್ಲಿ ಬರೆದಿರ್ತಾರೆ. ಮನುಷ್ಯರು ಅಗೆದು ಹೋದ ದಾರಿಗಳು ಜೋಡಿ ಗೆರೆ, ನಡುವೆ ಛಾವಣಿ ಹೊರೋಕೆ ಬಿಟ್ಟ ಕಲ್ಲಿದ್ದಲಿನ ಕಂಬಗಳು ಚೌಕ ಚೌಕ. ಅಲ್ಲಲ್ಲಿ ಗೆರೆಯ ಪಕ್ಕ ಪುಟ್ಟ ಅಕ್ಷರದಲ್ಲಿ ತಿಂಗಳು, ವರ್ಷ: ಸರ್ವೆಯವನು ಅವತ್ತು ಅಲ್ಲಿಗೆ ಬಂದು ಅಳೆದಿದ್ದ ಅಂತ ಅರ್ಥ. ಗಣಿ ಮುಗಿಯೋ ಹೊತ್ತಿಗೆ ಹಿಂದಕ್ಕೆ ಬರ್ತಾ ಆ ಕಂಬಗಳನ್ನೂ ಕಿತ್ತು ಮಾರಿಕೊಳ್ತಾರೆ. ಹಾಗಾಗಿ ಕೊನೆಯ ಒಂದೆರಡು ವರ್ಷದ ನಕಾಶೆ ಇಲ್ಲದಿದ್ದರೆ ಹಿಂದಿನ ನಕಾಶೆ ಎಷ್ಟು ಚೆನ್ನಾಗಿದ್ದರೂ ಮೋಸವೇ.

ನಕಾಶೆ ಇಟ್ಟುಕೊಳ್ಳಲೇಬೇಕು ಅನ್ನೋ ಕಾನೂನು ಇಲ್ಲಿ ಬಂದದ್ದೂ ಹೆಣದ ಮೇಲೇ. 1869ರ ಸೆಪ್ಟೆಂಬರ್ 6ರಂದು ಈ ರಾಜ್ಯದ ಪೂರ್ವ ಭಾಗದ ಏವನ್‌ಡೇಲ್ ಗಣಿಗೆ ಬೆಂಕಿ ಬಿತ್ತು. ಒಳಗೆ ಹೋಗೋಕೂ ಹೊರಗೆ ಬರೋಕೂ ಇದ್ದದ್ದು ಒಂದೇ ಬಾವಿ (ಶಾಫ್ಟು), ಅದರ ನೆತ್ತಿಗೇ ಮರದ ಕಟ್ಟಡ. 110 ಜನ ಸತ್ತರು, ಅದರಲ್ಲಿ ಇಬ್ಬರು ಕಾಪಾಡೋಕೆ ಇಳಿದವರು. ಮರುವರ್ಷ ಕಾನೂನು ಬಂತು: ಎರಡನೇ ದಾರಿ ಇರಬೇಕು, ಗಾಳಿ ಆಡಬೇಕು, ಇನ್ಸ್‌ಪೆಕ್ಟರ್ ಬರಬೇಕು, ನಕಾಶೆ ಬರೆದಿಡಬೇಕು.

ಈಗ ನಿನ್ನ ಲೆಡ್ಜರಿನ ವಿಷಯ. ಹ್ಯಾರಿಸ್‌ಬರ್ಗ್‌ನ ರಾಜ್ಯ ಪತ್ರಾಗಾರದಲ್ಲಿ ಗಣಿ ಅಪಘಾತದ ರಿಜಿಸ್ಟರುಗಳಿವೆ, 1899ರಿಂದ ಶುರು. ಒಬ್ಬ ಮನುಷ್ಯನಿಗೆ ಒಂದು ಸಾಲು. ತಾರೀಖು, ಹೆಸರು, ವಯಸ್ಸು, ಏನು ಕೆಲಸ, ಯಾವ ದೇಶದವನು, ಇಲ್ಲಿನ ಪ್ರಜೆ ಹೌದೋ ಅಲ್ಲವೋ, ಮದುವೆ ಆಗಿದೆಯೋ, ಮಕ್ಕಳೆಷ್ಟು, ಯಾವ ಗಣಿ, ಏನಾಯ್ತು. ಏನಾಯ್ತು ಅನ್ನೋ ಕಡೆ ಪುಟ ಪುಟಕ್ಕೂ ಅದೇ ಉತ್ತರ: ಛಾವಣಿ ಕುಸಿತ. ದೊಡ್ಡ ಸ್ಫೋಟದಲ್ಲಿ ಸತ್ತವರಿಗೆ ಕಲ್ಲು ನಿಲ್ಲಿಸ್ತಾರೆ, ಪತ್ರಿಕೆಯಲ್ಲಿ ಬರೀತಾರೆ. ಬೆಳಗ್ಗೆ ಹೋಗಿ ಒಬ್ಬನೇ ಕಲ್ಲಿನಡಿ ಸಿಕ್ಕವನಿಗೆ ಈ ಸಾಲೇ ಗತಿ. ಬಾಳೆಲ್ಲಾ ದುಡಿದ ಕೂಲಿಯವನ ಹೆಂಡತಿ ಮಕ್ಕಳ ಸಂಗತಿ ಕಂಪನಿಯ ಪುಸ್ತಕಕ್ಕೆ ಬೇಕಿರಲಿಲ್ಲ, ಅವನು ಸತ್ತ ದಿನ ಮಾತ್ರ ಗುಮಾಸ್ತ ಅದನ್ನೆಲ್ಲ ಕೇಳಿ ಬರಕೊಂಡ. ನನಗಂತೂ ಇಡೀ ಪತ್ರಾಗಾರದಲ್ಲಿ ಇದಕ್ಕಿಂತ ದೊಡ್ಡ ಪುಸ್ತಕ ಕಾಣೋದಿಲ್ಲ.

ಸಂಬಳದ ಚೀಟಿಯೂ ಹಾಗೇ. ಮೇಲೆ ತೆಗೆದ ಕಲ್ಲಿದ್ದಲಿನ ಟನ್ನು, ಕೆಳಗೆ ಕಡಿತದ ಸಾಲು: ಸಿಡಿಮದ್ದು, ದೀಪದ ಎಣ್ಣೆ, ಹಾರೆ ಗುದ್ದಲಿ ಹದ ಮಾಡಿದ್ದು, ಡಾಕ್ಟರು, ಮನೆ ಬಾಡಿಗೆ, ಕಂಪನಿ ಅಂಗಡಿಯ ಬಾಕಿ. ಎಲ್ಲಾ ಕಳೆದು ಕೈಗೆ ಬಂದದ್ದು ಕೆಲವೊಮ್ಮೆ ಸೊನ್ನೆ. ಆ ಕಾಲದ ಬಡತನ ತಿಳಿಯೋಕೆ ಪ್ರಬಂಧ ಓದಬೇಕಾಗಿಲ್ಲ, ಒಂದು ವರ್ಷದ ಚೀಟಿ ಸಾಲಾಗಿ ಹರಡಿಕೊಂಡರೆ ಸಾಕು. ನಿಮ್ಮ ತಾತನ ಚೀಟಿಯಲ್ಲಿ ಏನೇನು ಹಿಡೀತಿದ್ದರು ಅಂತ ನನಗೆ ಬರೆದು ಕಳಿಸು.

ಹಾಗಂತ ಕಂಪನಿ ಪುಸ್ತಕವನ್ನೇ ನಂಬಿ ಕೂರೋ ಹಾಗೂ ಇಲ್ಲ. 1907ರ ಡಿಸೆಂಬರ್ 19ರಂದು ಇಲ್ಲೇ ಹತ್ತಿರದ ಡಾರ್ ಗಣಿಯಲ್ಲಿ ಸ್ಫೋಟವಾಗಿ 239 ಜನ ಸತ್ತರು. ಇನ್ನೂ ಹೆಚ್ಚು ಜನ ಸಾಯಬೇಕಿತ್ತು. ಅವತ್ತು ಹಳೇ ಪಂಚಾಂಗದ ಪ್ರಕಾರ ಸಂತ ನಿಕೊಲಸನ ಹಬ್ಬ, ಪೂರ್ವ ಯುರೋಪಿನಿಂದ ಬಂದ ಎಷ್ಟೋ ಕೂಲಿಗಳು ಕೆಲಸಕ್ಕೆ ಚಕ್ಕರ್ ಹೊಡೆದು ಚರ್ಚಿಗೆ ಹೋಗಿದ್ದರು. ಯಾರು ಬಂದಿಲ್ಲ ಅನ್ನೋದು ಕಂಪನಿ ಪುಸ್ತಕದಿಂದ ಗೊತ್ತಾಗಬಹುದು, ಯಾಕೆ ಬರಲಿಲ್ಲ ಅನ್ನೋದು ಚರ್ಚಿನ ಕಡೆಯಿಂದಲೇ ತಿಳೀಬೇಕು. ನಿಮ್ಮಲ್ಲೂ ಗಣಿ ಕಾಗದದ ಜೊತೆ ಮಾರಿಯಮ್ಮನ ಗುಡಿಯ ಜಾತ್ರೆ ಲೆಕ್ಕ, ಚರ್ಚಿನ ದಾಖಲೆ, ಕೂಲಿ ಲೈನುಗಳ (ಮನೆ ಸಾಲುಗಳ) ಸ್ಕೂಲಿನ ಹಾಜರಿ, ಯೂನಿಯನ್ ರಸೀದಿ ಎಲ್ಲಾ ಇರ್ತಾವೆ. ಅವುಗಳನ್ನೂ ಕೇಳಿ ನೋಡು. ಅರ್ಧಕ್ಕರ್ಧ ತಮಿಳಿನಲ್ಲಿ, ತೆಲುಗಿನಲ್ಲಿ ಇರಬಹುದು, ಓದೋಕೆ ಜನ ನಿನ್ನ ಪಕ್ಕದ ಮನೆಯಲ್ಲೇ ಇದ್ದಾರಲ್ಲ.

ರೈಲಿನ ಕಾಗದದ್ದು ಇಲ್ಲಿ ಬೇರೆಯೇ ಪಾಡು. ಗಣಿಗೂ ರೈಲಿಗೂ ಗಂಟು ಬಿದ್ದದ್ದು ನಿಮ್ಮ ಬಂಗಾರಪೇಟೆ–ಮಾರಿಕುಪ್ಪಂ ಲೈನಿನ ಹಾಗೇ. ಇಂಡಿಯಾನಾ ಅನ್ನೋ ಊರಿದೆ (ರಾಜ್ಯ ಅಲ್ಲ, ಪೆನ್ಸಿಲ್ವೇನಿಯಾದೊಳಗಿನ ಊರು, ಮೊದಮೊದಲು ನಾನೂ ತಲೆ ಕೆರೆದುಕೊಂಡಿದ್ದೆ). ಅಲ್ಲಿನ ವಿಶ್ವವಿದ್ಯಾಲಯದಲ್ಲಿ ರೋಚೆಸ್ಟರ್ ಅಂಡ್ ಪಿಟ್ಸ್‌ಬರ್ಗ್ ಕಲ್ಲಿದ್ದಲು ಕಂಪನಿಯ ಕಾಗದಪತ್ರ ಇದೆ. ಆ ಕಂಪನಿ 1880ರ ದಶಕದಲ್ಲಿ ರೈಲಿನ ಬೆನ್ನಿಗೇ ಹುಟ್ಟಿಕೊಂಡದ್ದು. ದೊಡ್ಡ ಪೆನ್ಸಿಲ್ವೇನಿಯಾ ರೈಲ್‌ರೋಡ್ 1968ರಲ್ಲಿ ನ್ಯೂಯಾರ್ಕ್ ಸೆಂಟ್ರಲ್ ಜೊತೆ ಸೇರಿ ಪೆನ್ ಸೆಂಟ್ರಲ್ ಆಯ್ತು, 1970ರಲ್ಲಿ ದಿವಾಳಿ. ನೂರಿಪ್ಪತ್ತು ವರ್ಷಕ್ಕೂ ಮೀರಿದ ಕಾಗದ ರಾಶಿ ಬಿತ್ತು. ಅದನ್ನು ಒಬ್ಬರೇ ಹೊರೋಕೆ ಆಗದೆ ಹಲವು ಸಂಸ್ಥೆಗಳು ಹಂಚಿಕೊಂಡವು, ದೊಡ್ಡ ಪಾಲು ಡೆಲವೇರ್‌ನ ಹ್ಯಾಗ್ಲಿ ಮ್ಯೂಸಿಯಂಗೆ ಹೋಯಿತು. ಇಲ್ಲಿ ಕಾಗದವನ್ನು ಪುಟದಲ್ಲಿ ಎಣಿಸೋದಿಲ್ಲ ಕಣೋ, ಕಪಾಟಿನ ಮೇಲೆ ಎಷ್ಟು ಅಡಿ ಅಂತ ಅಳೀತಾರೆ. ರೈಲು ಹುಚ್ಚರಿಗೆ ಎಂಜಿನ್ ಫೋಟೊ ಬೇಕು, ಇಲ್ಲಿ ಊರಿಗೊಂದು ಸಂಘವಿದೆ, ಅವರ ಪಾಡಿಗೆ ಅವರಿರಲಿ. ನನಗೆ ಹಿಡಿಸಿದ್ದು 1913ರ ಕಾನೂನಿನಿಂದಾಗಿ ಸರ್ಕಾರ ಎಲ್ಲ ರೈಲು ಕಂಪನಿಗಳ ಆಸ್ತಿಗೆ ಬೆಲೆ ಕಟ್ಟುವಾಗ ಬರೆಸಿದ ನಕಾಶೆಗಳು. ಹಳಿ, ಮೋರಿ, ಗೋದಾಮು, ಜಮೀನು ಯಾರಿಂದ ಬಂತು, ಎಲ್ಲಾ ಅದರಲ್ಲಿದೆ. ನಿಮ್ಮ ಲೈನಿನ ಪಕ್ಕದ ಜಾಗದ ತಕರಾರು ಎದ್ದಾಗಲೆಲ್ಲ ಇಂಥದ್ದೊಂದು ಇದ್ದಿದ್ದರೆ ಅನ್ನಿಸುತ್ತೆ.

ನಿಮ್ಮ ಕೆಜಿಎಫ್ ಗಣಿಗೆ ಬಾಗಿಲು ಬಿದ್ದದ್ದು 2001ರ ಫೆಬ್ರವರಿ 28ಕ್ಕೆ. ನೂರು ವರ್ಷಕ್ಕೂ ಮೇಲ್ಪಟ್ಟು ಅಗೆದ ಜಾಗ, ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ, ಈಗ ಒಳಗೆಲ್ಲ ನೀರು. ಗಣಿ ನಡೆಸಿದ ಬ್ರಿಟಿಷರ ಜಾನ್ ಟೇಲರ್ ಕಂಪನಿಯ ಕಾಲದ ದೊಡ್ಡ ದೊಡ್ಡ ಕಡತ ಎಲ್ಲೋ ಒಂದು ಕಡೆ ಉಳಿಯುತ್ತೆ, ಅದಕ್ಕೆ ಮಾಲೀಕರಿದ್ದಾರೆ. ಸರ್ವೆ ಸೆಕ್ಷನ್‌ನಲ್ಲಿ ಅಳತೆಯ ಚೈನ್ ಹಿಡಿದ ನಿಮ್ಮ ತಾತ ಮನೆಗೆ ತಂದಿಟ್ಟುಕೊಂಡ ಸುರುಳಿಗೆ ನೀನೊಬ್ಬನೇ ಮಾಲೀಕ.

ಇನ್ನು ಮಾಡಬೇಕಾದ್ದು. ಸುರುಳಿಯನ್ನು ಬಲವಂತವಾಗಿ ಬಿಚ್ಚಬೇಡ, ಒಣಗಿದ ಬಟ್ಟೆ ಮಡಿಕೆಯಲ್ಲೇ ಸೀಳುತ್ತೆ. ಬಿಚ್ಚಿದಷ್ಟಕ್ಕೆ ಅಂಚಿನ ಮೇಲೆ ಮೆತ್ತಗಿನ ಭಾರ ಇಡು. ಸೆಲ್ಲೋಟೇಪು ಹಚ್ಚಬೇಡ, ನಿಮ್ಮ ಬಾವ ಹೇಳಿದ ಹಾಗೆ ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡ, ಅದು ಮತ್ತೆ ಬಿಡಿಸೋಕೆ ಬರೋದಿಲ್ಲ. ಗುರುತು ಹಾಕಬೇಕಾದರೆ ಪೆನ್ಸಿಲ್ಲು ಮಾತ್ರ, ಪೆನ್ನು ಪಕ್ಕಕ್ಕೂ ಬೇಡ. ಕಟ್ಟು ಬಿಚ್ಚೋಕೆ ಮುಂಚೆ ಫೋನಿನಲ್ಲಿ ಫೋಟೊ ತೆಗಿ, ಯಾವುದರ ಕೆಳಗೆ ಯಾವುದಿತ್ತು ಅಂತ. ನಕಾಶೆ ಒಂದು ಕಡೆ, ಚೀಟಿ ಒಂದು ಕಡೆ ಅಂತ ಚೊಕ್ಕವಾಗಿ ವಿಂಗಡಿಸೋಕೆ ಹೋಗಬೇಡ. ತಾತ ಕಟ್ಟಿದ ಕ್ರಮದಲ್ಲೇ ಏನೋ ಲೆಕ್ಕ ಇರುತ್ತೆ. ಎಲ್ಲಾ ಫೋಟೊ ತೆಗೆದಾದ ಮೇಲೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಕೊಡುವ ಯೋಚನೆ ಮಾಡು. ಕೊಟ್ಟರೆ ಪ್ರತಿ ಐಟಮ್ಮಿಗೂ ಪಟ್ಟಿ ಬರೆದು ಸಹಿ ಮಾಡಿಸಿಕೊ. ಆ ಪಟ್ಟಿಯನ್ನು ನೀನು ಊರ ಗ್ರೂಪಿನಲ್ಲೂ ಹಾಕು, ಯಾರಾದರೂ ಹುಡುಕುವಾಗ ಸಿಗಬೇಕಲ್ಲ.

ಅದಕ್ಕೂ ಮುಂಚೆ ಒಂದು ಕೆಲಸ. ನಕಾಶೆಯ ಬಲಗಡೆ ಕೆಳಮೂಲೆ ನೋಡು. ಯಾವ ಶಾಫ್ಟು, ಯಾವ ಲೆವೆಲ್ಲು, ಯಾವ ವರ್ಷ, ಯಾರ ಸಹಿ, ಸ್ಕೇಲು ಎಷ್ಟು, ಇಷ್ಟನ್ನು ಈ ಭಾನುವಾರದೊಳಗೆ ಬರೆದು ಕಳಿಸು. ಗುಜರಿಯವನು ಮತ್ತೆ ಬಂದರೆ ಮೇಲಟ್ಟದ ಹಳೇ ಮಿಕ್ಸಿ ಕೊಟ್ಟು ಕಳಿಸು. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಶೀನ