ಹಾಲ್ಫೆತಿ ನೋಡಿ ಬಂದು ಅಪ್ಪನಿಗೆ ಬರೆದದ್ದು

ಗಾಜಿಯಾಂತೆಪ್, ತುರ್ಕಿ

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ನೀವು, ಅವ್ವ, ಕಾಕಾ ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ಕಾರ್ಪೆಟ್ ಮಿಲ್ಲಿನ ಕೆಲಸ ಛಲೋ ನಡೆದಿದೆ.

ಹೋದ ಭಾನುವಾರ ಹಾಲ್ಫೆತಿ ಎಂಬ ಊರಿಗೆ ಹೋಗಿದ್ದೆ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಯೂಫ್ರಟಿಸ್ ದಂಡೆಯ ಹಳೆಯ ಊರು. ಕೆಳಗೆ ಬಿರೆಜಿಕ್‌ನಲ್ಲಿ ಡ್ಯಾಮ್ ಕಟ್ಟಿದ ಮೇಲೆ 2000ದಲ್ಲಿ ಹಿನ್ನೀರು ಏರಿ ಊರಿನ ಕೆಳಭಾಗವೆಲ್ಲ ಮುಳುಗಿತು. ಹೆಚ್ಚುಕಡಿಮೆ ಆಲಮಟ್ಟಿಯ ನೀರು ನಮ್ಮ ಬಾಗಲಕೋಟೆಗೆ ಬಂದ ಕಾಲವೇ. ಇವರಿಗೂ ಹೊಳೆಯಿಂದ ದೂರ ಎತ್ತರದಲ್ಲಿ ಹೊಸ ಹಾಲ್ಫೆತಿ ಕಟ್ಟಿಕೊಟ್ಟರು. ಇವರ ನವನಗರ ಅನ್ನಿ.

ಉಳಿದ ಊರು ಗುಡ್ಡಕ್ಕೆ ಆತುಕೊಂಡು ನಿಂತಿದೆ. ಮನೆಗಳೆಲ್ಲ ತಿಳಿಹಳದಿ ಸುಣ್ಣಕಲ್ಲಿನವು. ಒಂದು ಓಣಿ ಇಳಿದು ಹೋದೆ. ಕಲ್ಲಿನ ಮೆಟ್ಟಿಲು ಹಾಗೇ ನೀರೊಳಗೆ ಇಳಿದಿವೆ. ಮೂರು ಮೆಟ್ಟಿಲು ಸ್ಪಷ್ಟ ಕಾಣುತ್ತವೆ, ನಾಲ್ಕನೆಯದರ ಮೇಲೆ ಹಸಿರು ಪಾಚಿ, ಸಣ್ಣ ಮೀನು. ಅದರಾಚೆ ಬರೀ ನೀರು. ಅಲ್ಲಿಂದ ಏಳಲು ಬಹಳ ಹೊತ್ತು ಮನಸ್ಸಾಗಲಿಲ್ಲ.

ಆಮೇಲೆ ದೋಣಿ ಹತ್ತಿದೆ. ಮೊದಲು ರುಮ್‌ಕಲೆ ಕೋಟೆ. ಮೆರ್ಜಿಮೆನ್ ಹಳ್ಳ ಯೂಫ್ರಟಿಸ್ ಸೇರುವಲ್ಲಿ ಕಡಿದಾದ ಬಂಡೆಯ ಮೇಲಿದೆ. 12ನೇ ಶತಮಾನದ ನಡುವಿನಿಂದ ಆರ್ಮೇನಿಯನ್ ಕ್ರೈಸ್ತರ ಪರಮಗುರುಗಳ ಪೀಠ ಇಲ್ಲಿತ್ತು. 1292ರಲ್ಲಿ ಈಜಿಪ್ಟಿನ ಮಾಮ್ಲೂಕ್ ಸುಲ್ತಾನ ಗೆದ್ದುಕೊಂಡ. ಮುಂದೆ ಸವಾಶಾನ್ ಎಂಬ ಹಳ್ಳಿ. ಮಸೀದಿ ನೀರಿನೊಳಗೆ, ಅದರ ಮಿನಾರು ಮಾತ್ರ ಹೊಳೆಯ ಮಧ್ಯದಿಂದ ಮೇಲೆದ್ದಿದೆ. ದೋಣಿ ಅದನ್ನು ಸುತ್ತು ಹಾಕುವಾಗ ಎಲ್ಲರೂ ಫೋಟೋ ತೆಗೆದರು. ವಯಸ್ಸಾದ ನಾವಿಕ ಮಾತ್ರ ಬೇರೆ ಕಡೆ ಕೈ ತೋರಿಸಿ, ತಮ್ಮ ತೋಟ ಆ ಜಾಗದಲ್ಲಿತ್ತು, ಪಿಸ್ತಾ ಗಿಡಗಳಿದ್ದವು ಎಂದರು. ನನ್ನ ಪಕ್ಕದಲ್ಲಿದ್ದ ಮಿಲ್ಲಿನ ಗೆಳೆಯ ಇಂಗ್ಲಿಷಿಗೆ ತಿರುಗಿಸಿ ಹೇಳಿದ.

ಮುಳುಗಿದ್ದನ್ನು ನೋಡಲೆಂದೇ ಜನ ಬರುವುದು ಮೊದಲು ನನಗೆ ಸರಿ ಕಾಣಲಿಲ್ಲ. ಆದರೆ ಆ ದೋಣಿಗಳು, ದಂಡೆಯ ಚಹಾದ ಅಂಗಡಿಗಳು ಇಲ್ಲದಿದ್ದರೆ ಉಳಿದವರ ಹೊಟ್ಟೆಪಾಡು ಕಷ್ಟವಿತ್ತು. 2013ರಲ್ಲಿ ‘ಚಿತ್ತಾಸ್ಲೋ’ ಎಂಬ ನಿಧಾನ ಬದುಕಿನ ಊರುಗಳ ಕೂಟವೂ ಹಾಲ್ಫೆತಿಯನ್ನು ಸೇರಿಸಿಕೊಂಡಿತು. ಇಲ್ಲಿನ ‘ಕಪ್ಪು ಗುಲಾಬಿ’ ಬಹಳ ಹೆಸರುವಾಸಿ. ನಿಜಕ್ಕೂ ಅದು ಕಡುಗೆಂಪು, ಮೊಗ್ಗಿನಲ್ಲಿ ಕಪ್ಪೆಂದೇ ಕಾಣುತ್ತದೆ. ಅವ್ವನಿಗೆ ಫೋಟೋ ಕಳಿಸಿದ್ದೇನೆ.

ಅಪ್ಪಾ, ಇದೇ ಡ್ಯಾಮಿನ ನೀರಿಗೆ ಜ್ಯೂಗ್ಮಾ ಎಂಬ ಪ್ರಾಚೀನ ನಗರದ ಒಂದು ಭಾಗವೂ ಹೋಯಿತು. ನಮ್ಮ ಚಂದ್ರಗುಪ್ತ ಮೌರ್ಯನೊಡನೆ ಸಂಧಿ ಮಾಡಿಕೊಂಡ ಸೆಲ್ಯೂಕಸ್ ಸುಮಾರು 2300 ವರ್ಷದ ಹಿಂದೆ ಕಟ್ಟಿಸಿದ್ದು. ನೀರು ಏರುತ್ತಿದ್ದಾಗ ಅಮೆರಿಕದ ಪ್ಯಾಕರ್ಡ್ ಸಂಸ್ಥೆ ದೊಡ್ಡ ಮೊತ್ತ ಕೊಟ್ಟಿತು. ಹಗಲೂ ರಾತ್ರಿ ಅಗೆದು ರೋಮನ್ ಶ್ರೀಮಂತರ ಮನೆಗಳ ನೆಲಹಾಸು, ಬಣ್ಣದ ಕಲ್ಲುಚೂರಿನ ಚಿತ್ರಗಳನ್ನು ಎತ್ತಿ ತಂದರು. ಅವಕ್ಕಾಗಿ 2011ರಲ್ಲಿ ನಮ್ಮೂರಿನಲ್ಲೇ, ಅಂದರೆ ಗಾಜಿಯಾಂತೆಪ್‌ನಲ್ಲಿ, ದೊಡ್ಡ ಮ್ಯೂಸಿಯಂ ಕಟ್ಟಿದರು. ‘ಜಿಪ್ಸಿ ಹುಡುಗಿ’ ಎಂಬ ಒಡೆದ ಚಿತ್ರವೊಂದಕ್ಕೆ ಕತ್ತಲ ಕೋಣೆಯೇ ಮೀಸಲು. ಒಳ್ಳೆಯ ಕೆಲಸ, ಮೆಚ್ಚಬೇಕು. ಆದರೆ ಆ ನಾವಿಕನ ತೋಟ, ಓಣಿಯ ಕೆಳಗಿನ ಮನೆಗಳ ಅಂಗಳ, ಇವು ಯಾವ ಮ್ಯೂಸಿಯಂನಲ್ಲೂ ನನಗೆ ಕಾಣಲಿಲ್ಲ. ವಯಸ್ಸಾದವರ ನೆನಪಿನಲ್ಲಿ ಇದ್ದಷ್ಟೇ.

ಅದಕ್ಕೇ ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಬಾಗಲಕೋಟೆಯ ಕಿಲ್ಲಾದಿಂದ ಹಳೇಪೇಟೆವರೆಗೆ ಯಾರ ಮನೆ ಮಗ್ಗುಲಿಗೆ ಯಾರ ಮನೆ ಇತ್ತು, ಬಾವಿ ಎಲ್ಲಿ, ಹೋಳಿ ಹಬ್ಬದ ಬಣ್ಣದ ಬಂಡಿ ಯಾವ ತಿರುವಿನಲ್ಲಿ ನಿಲ್ಲುತ್ತಿತ್ತು, ಎಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ನಕ್ಷೆ ಕಾಕಾ ತೆಗೆಯಲಿ, ಅವರ ಕೈ ಚಂದ. ನಿಮಗೆ ಬರೆಯಲು ಬೇಸರವಾದರೆ ತಂಗಿಗೆ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿ. ನಾನು ಬಂದಾಗ ಕೂತು ಟೈಪ್ ಮಾಡುತ್ತೇನೆ.

ಇಲ್ಲಿಯ ಪಿಸ್ತಾ ಎರಡು ಕಿಲೋ ಕೊಂಡಿದ್ದೇನೆ. ಬೆಂಗಳೂರಿಗೆ ಬರುವ ಗೆಳೆಯನ ಕೈಲಿ ಕಳಿಸುತ್ತೇನೆ. ಅವ್ವ ಬಿಪಿ ಗುಳಿಗೆ ತಪ್ಪಿಸದಂತೆ ನೋಡಿಕೊಳ್ಳಿ. ರಜೆ ಮಂಜೂರಾದ ಕೂಡಲೇ ತಿಳಿಸುತ್ತೇನೆ.

ಇಂತಿ ನಿಮ್ಮ ಮಗ,
ಬಸವರಾಜ