ಓಡುವ ಮಕ್ಕಳಿಗೆ ಮೊದಲು ತಿಂಡಿ ಕೊಡಿ

ಮಾನ್ಯ ಸಂಪಾದಕರೇ,

ಹೋಬಳಿ ಮತ್ತು ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳಿಗೆ ದೂರದ ಹಳ್ಳಿಗಳಿಂದ ಬರುವ ಎಷ್ಟೋ ಮಕ್ಕಳು ಮೊದಲ ಬಸ್ಸು ಹಿಡಿಯುವ ಆತುರದಲ್ಲಿ ಬರೀ ಒಂದು ಲೋಟ ಚಹಾ ಕುಡಿದು ಬಂದಿರುತ್ತಾರೆ. ಉದ್ಘಾಟನೆ, ಭಾಷಣಗಳು ಮುಗಿದು ಓಟ ಶುರುವಾಗುವಾಗ ಬಿಸಿಲೇರಿರುತ್ತದೆ. ಚುರುಕಾದ ಮಕ್ಕಳಂತೂ ಓಟ ಮುಗಿಸಿ ನೇರವಾಗಿ ಕೊಕ್ಕೊ ಅಂಕಣಕ್ಕೆ ಇಳಿಯುತ್ತಾರೆ. ಮಧ್ಯಾಹ್ನದ ಊಟ ಇರುತ್ತದೆ, ನಿಜ. ಆದರೆ ಅದು ಬರುವ ಹೊತ್ತಿಗೆ ಅರ್ಧ ಪಂದ್ಯಗಳು ಮುಗಿದಿರುತ್ತವೆ.

ಅನ್ನ, ಮುದ್ದೆ, ರೊಟ್ಟಿಯಲ್ಲಿರುವ ಪಿಷ್ಟ ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ. ಆ ಕ್ಷಣಕ್ಕೆ ಬೇಡವಾದುದನ್ನು ದೇಹ ಗ್ಲೈಕೋಜೆನ್ ರೂಪದಲ್ಲಿ ಕೂಡಿಡುತ್ತದೆ. ವಯಸ್ಕರ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲೆಲ್ಲ ಸೇರಿ ಸುಮಾರು 400 ಗ್ರಾಂ ಹಿಡಿಯುತ್ತದೆ. ಮಕ್ಕಳಲ್ಲಿ ಇನ್ನೂ ಕಡಿಮೆ. ಗ್ಲೂಕೋಸನ್ನು ರಕ್ತಕ್ಕೆ ಬಿಟ್ಟುಕೊಡಲು ಬೇಕಾದ ಕಿಣ್ವ ಸ್ನಾಯುವಿನಲ್ಲಿ ಇಲ್ಲದಿರುವುದರಿಂದ, ಅಲ್ಲಿನ ದಾಸ್ತಾನು ಆ ಸ್ನಾಯುವಿಗೇ ಮೀಸಲು. ರಕ್ತದ ಸಕ್ಕರೆಯನ್ನು ಕಾಯ್ದು ಮಿದುಳಿಗೆ ಒದಗಿಸುವ ಹೊಣೆ ಯಕೃತ್ತಿನದು, ಮತ್ತು ಅದರ ದಾಸ್ತಾನು ನಾವು ಮಲಗಿರುವಾಗಲೂ ಕರಗುತ್ತಲೇ ಇರುತ್ತದೆ. ಆದ್ದರಿಂದ ಹಿಂದಿನ ರಾತ್ರಿ ಚೆನ್ನಾಗಿ ಉಂಡ ಮಗುವಿನ ಕಾಲಿನಲ್ಲಿ ಬೆಳಿಗ್ಗೆ ಕಸುವು ಉಳಿದಿದ್ದರೂ, ಯಕೃತ್ತಿನ ದಾಸ್ತಾನು ಬಹುಮಟ್ಟಿಗೆ ಇಳಿದಿರುತ್ತದೆ.

ಕೊಬ್ಬಿನಿಂದ ಶಕ್ತಿ ಸಿಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ನಡಿಗೆಗೆ ಅದು ಸಾಕು. ವೇಗ ಹೆಚ್ಚಿದಂತೆ ಕೊಬ್ಬು ಅಷ್ಟು ಬೇಗ ಒದಗದೆ, ಸ್ನಾಯುಗಳು ಗ್ಲೈಕೋಜೆನ್ನನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. 1924ರ ಬಾಸ್ಟನ್ ಮ್ಯಾರಥಾನ್ ಓಡಿದವರ ರಕ್ತ ಪರೀಕ್ಷಿಸಿದ ವೈದ್ಯರು, ತೀರಾ ಬಳಲಿದವರಲ್ಲಿ ಸಕ್ಕರೆ ಕುಸಿದಿರುವುದನ್ನು ಕಂಡರು. ಮರುವರ್ಷ ಮೊದಲೇ ಪಿಷ್ಟದ ಆಹಾರ ಉಣಿಸಿ, ಓಟದ ನಡುವೆ ಸಿಹಿ ಕೊಟ್ಟಾಗ ಅವರ ಸ್ಥಿತಿ ಸುಧಾರಿಸಿತು. ಶಾಲೆಯ ಓಟ ಮ್ಯಾರಥಾನ್ ಅಲ್ಲ, ಆದರೆ ಒಂದೇ ದಿನ ಮೂರು ನಾಲ್ಕು ಬಾರಿ ಕಣಕ್ಕಿಳಿಯುವ ಮಗುವಿಗೂ ಅದೇ ದೇಹಧರ್ಮ ಅನ್ವಯಿಸುತ್ತದೆ.

ಓಟಕ್ಕೆ ನಿಲ್ಲುವ ಮುನ್ನ ಅಂಗೈಗೆ ಗ್ಲೂಕೋಸ್ ಪುಡಿ ಸುರಿಯುವುದು ನಮ್ಮಲ್ಲಿ ರೂಢಿಯಾಗಿದೆ. ಒಣಗಿದ ಬಾಯಲ್ಲಿ ಅದನ್ನು ನೆಕ್ಕಿ, ತುಟಿಗೆ ಅಂಟಿದ ಬಿಳಿ ಪುಡಿಯನ್ನು ಒರೆಸಿಕೊಳ್ಳುತ್ತಲೇ ಮಕ್ಕಳು ಗೆರೆಯ ಬಳಿ ಓಡಿಹೋಗುತ್ತಾರೆ. ಒಂದು ಚಮಚ ಪುಡಿಯಲ್ಲಿ ಸಿಗುವುದು ಸುಮಾರು 20 ಕ್ಯಾಲೊರಿ ಮಾತ್ರ. ತಪ್ಪಿಹೋದ ಬೆಳಗಿನ ತಿಂಡಿಗೆ ಇದನ್ನು ಪರಿಹಾರವೆಂದು ಭಾವಿಸುವುದು ಸರಿಯಲ್ಲ.

ಓಟಕ್ಕೆ ಎರಡು ಗಂಟೆ ಮುಂಚೆ ಇಡ್ಲಿ ಅಥವಾ ಉಪ್ಪಿಟ್ಟು, ಪಂದ್ಯಗಳ ನಡುವೆ ಬಾಳೆಹಣ್ಣು ಮತ್ತು ನೀರು ಸಿಗುವಂತೆ ಶಿಕ್ಷಣ ಇಲಾಖೆ ವ್ಯವಸ್ಥೆ ಮಾಡಬೇಕು. ಅತಿಥಿಗಳ ಹಾರ, ಶಾಲುಗಳಿಗೆ ಹಣ ಹೊಂದಿಸುವ ಸಂಘಟಕರಿಗೆ ಇದು ಭಾರವಾಗಲಾರದು. ಬಳಲಿದ ಸ್ನಾಯುಗಳು ಆಟ ಮುಗಿದ ಮೊದಲ ಕೆಲವು ಗಂಟೆಗಳಲ್ಲಿ ಗ್ಲೈಕೋಜೆನ್ನನ್ನು ಅತಿ ವೇಗವಾಗಿ ತುಂಬಿಕೊಳ್ಳುವುದರಿಂದ, ಮರುದಿನವೂ ಆಡಬೇಕಾದ ತಂಡಗಳಿಗೆ ಬಹುಮಾನ ವಿತರಣೆಯವರೆಗೆ ಕಾಯಿಸದೆ ಊಟ ಬಡಿಸಬೇಕು. ಇನ್ಸುಲಿನ್ ಪಡೆಯುವ ಮಕ್ಕಳಿದ್ದರೆ, ಅವರು ಏನನ್ನು ಯಾವಾಗ ತಿನ್ನಬೇಕೆಂಬ ವೈದ್ಯರ ಸೂಚನೆಯನ್ನು ಪೋಷಕರು ತಂಡದ ಶಿಕ್ಷಕರಿಗೆ ಬರೆದು ಕೊಡಬೇಕು.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ತುಮಕೂರು ಜಿಲ್ಲೆ