ನೀರಿಳಿದ ಮೇಲೆ ನೋಡಬೇಕಾದದ್ದು

ಪುಣೆ

ಚಿರಂಜೀವಿಗೆ ನಿನ್ನ ಕಾಕಾನ ಅನೇಕ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ. ಈ ಮಳೆಗಾಲಕ್ಕೆ ನಿನ್ನನ್ನು ಮುಂಬಯಿ–ಗೋವಾ ಹೆದ್ದಾರಿಯ ತುರ್ತು ದುರಸ್ತಿ ತಂಡಕ್ಕೆ ಹಾಕಿದ್ದಾರೆಂದು ಅಣ್ಣ ಫೋನಿನಲ್ಲಿ ತಿಳಿಸಿದ. ಸೇತುವೆಗಳ ಕೆಲಸದಲ್ಲಿಯೇ ನೌಕರಿ ಮುಗಿಸಿದವನು ನಾನು. ಹೀಗಾಗಿ ನೀನು ಕೇಳದಿದ್ದರೂ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ನೆರೆ ಇಳಿದ ಮರುದಿನ ಎಲ್ಲರೂ ನಿನ್ನನ್ನು ಕೇಳುವುದು ಒಂದೇ ಪ್ರಶ್ನೆ: ರಸ್ತೆ ಯಾವಾಗ ಬಿಡುತ್ತೀರಿ? ಹಾಲಿನ ಟ್ಯಾಂಕರು, ಆಂಬ್ಯುಲೆನ್ಸು, ಎಸ್.ಟಿ. ಬಸ್ಸುಗಳು ಸಾಲುಗಟ್ಟಿ ನಿಂತಿರುವಾಗ ಅದು ನ್ಯಾಯವಾದ ಪ್ರಶ್ನೆಯೇ. 2019ರ ಆಗಸ್ಟಿನಲ್ಲಿ ಕೊಲ್ಹಾಪುರದ ಬಳಿ ಪಂಚಗಂಗೆಯ ನೀರು ಪುಣೆ–ಬೆಂಗಳೂರು ಹೆದ್ದಾರಿಯನ್ನೇರಿ ದಿನಗಟ್ಟಲೆ ಸಂಚಾರ ನಿಂತಾಗ, ಇಲ್ಲಿಂದ ಬೆಳಗಾವಿ, ಧಾರವಾಡದ ಕಡೆಗೆ ಹೋಗಬೇಕಾದ ನಮ್ಮ ಜನ ಎಷ್ಟು ಪರದಾಡಿದರೆಂಬುದು ನಿನಗೂ ಗೊತ್ತು. ಆದರೆ ಆ ಪ್ರಶ್ನೆಗೆ ಡಾಂಬರಿನ ಮೇಲೆ ನಿಂತು ಉತ್ತರ ಕೊಡಬೇಡ. ಮೊದಲು ಪಿಯರಿನ, ಅಂದರೆ ಸೇತುವೆಯನ್ನು ಹೊತ್ತ ಕಂಬದ, ಬುಡಕ್ಕೆ ಇಳಿ.

ತುಂಬಿದ ಹೊಳೆ ಪಿಯರಿಗೆ ಬಡಿದು ಕೆಳಮುಖವಾಗಿ ತಿರುಗಿ, ಸುತ್ತಲೂ ಸುಳಿಯಾಗಿ ಬುಡದ ಉಸುಕನ್ನು ಎಬ್ಬಿಸಿಕೊಂಡು ಹೋಗುತ್ತದೆ. ಹೀಗೆ ತಳ ಕೊರೆದುಹೋಗುವ ಆಳವನ್ನು ಪಿಯರಿನ ಬಳಿ ಸರಾಸರಿ ಕೊರೆತದ ಎರಡು ಪಟ್ಟು, ದಡದ ತುದಿಯ ಆಸರೆಯಾದ ಅಬಟ್‌ಮೆಂಟಿನ ಬಳಿ 1.27 ಪಟ್ಟು ಹಿಡಿಯಬೇಕೆಂಬ ಐ.ಆರ್.ಸಿ. 78ರ (ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸಂಹಿತೆ) ಲೆಕ್ಕವನ್ನು ನೀನು ಓದಿಯೇ ಇರುತ್ತೀ. ಪುಸ್ತಕದಲ್ಲಿ ಓದಿದಾಗ ಅಷ್ಟಾಗಿ ಮನಸ್ಸಿಗೆ ನಾಟದ ಸಂಗತಿಯೆಂದರೆ, ನೆರೆ ಇಳಿಯುವಾಗ ವೇಗ ಕುಗ್ಗಿದ ನೀರು ತಾನು ಹೊತ್ತು ತಂದ ಉಸುಕನ್ನೂ ಹೂಳನ್ನೂ ಅದೇ ಗುಂಡಿಗೆ ಸುರಿದು ಹೋಗುತ್ತದೆ. ಮರುದಿನ ನೋಡಿದರೆ ಹೊಳೆಯ ತಳ ಸಮವಾಗಿ, ಏನೂ ಆಗಿಯೇ ಇಲ್ಲವೆಂಬಂತೆ ಕಾಣುತ್ತದೆ. ಆದರೆ ಆ ಸಡಿಲ ಉಸುಕು ಮೊದಲಿನ ನೆಲದಂತೆ ಅಡಿಪಾಯವನ್ನು ಹಿಡಿದು ನಿಲ್ಲಿಸಲಾರದು. ಶಬ್ದದ ಪ್ರತಿಧ್ವನಿಯಿಂದ ಆಳ ಅಳೆಯುವ ಎಕೋ ಸೌಂಡರ್ ತೋರಿಸುವುದೂ ಆ ಹೊಸ ಉಸುಕಿನ ಮೇಲ್ಮೈಯನ್ನೇ, ಆದ್ದರಿಂದ ಅದೊಂದನ್ನೇ ನಂಬಬೇಡ. ಮೇಲ್ಹರಿವಿನ ಮಗ್ಗುಲಿನಲ್ಲಿ ಉದ್ದನೆಯ ಕಬ್ಬಿಣದ ಸರಳನ್ನು ಊರಿಸಿ ನೋಡು. ಗಟ್ಟಿ ತಳವಿದ್ದರೆ ಸರಳು ತಡೆದು ಅಂಗೈಗೆ ಪೆಟ್ಟು ತಿರುಗಿ ಬರುತ್ತದೆ. ಹೊಸದಾಗಿ ತುಂಬಿದ್ದಾದರೆ ಅಷ್ಟೇನೂ ಬಲವಿಲ್ಲದೆ ಇಳಿಯುತ್ತಲೇ ಹೋಗುತ್ತದೆ. ಎಲ್ಲಿ ತಡೆಯಿತೋ ಆ ಮಟ್ಟವನ್ನು ಅಡಿಪಾಯದ ಮಟ್ಟದೊಡನೆ ಹೋಲಿಸಿದ ಮೇಲೆಯೇ ಬಾಯಿ ತೆರೆ. ಕೊಂಕಣದಲ್ಲಿ ಬಂಡೆಯ ಮೇಲೆಯೇ ನಿಂತ ಪಿಯರುಗಳೂ ಬಹಳ. ಅಲ್ಲಿ ಕೊರೆತದ ಚಿಂತೆ ಕಡಿಮೆ, ಆದರೆ ಕಲ್ಲುಕಟ್ಟಡದ ಸಂದುಗಳಿಂದ ಗಾರೆ ತೊಳೆದುಹೋಗಿರುವುದನ್ನು ಒಂದೊಂದಾಗಿ ನೋಡಬೇಕು. ಕಮಾನು ಸೇತುವೆಯಲ್ಲಿ ಒಂದು ಪಿಯರು ಕದಲಿದರೆ ಪಕ್ಕದ ಕಮಾನುಗಳಿಗೂ ಆಸರೆ ತಪ್ಪುತ್ತದೆ.

ಮಹಾಡದ ಸಾವಿತ್ರಿ ನದಿಯ ಮೇಲಿದ್ದ ಬ್ರಿಟಿಷರ ಕಾಲದ ಕಲ್ಲಿನ ಸೇತುವೆ 2016ರ ಆಗಸ್ಟ್ 2ರ ರಾತ್ರಿ ನೆರೆಗೆ ಕೊಚ್ಚಿಹೋಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಅದರ ತಪಾಸಣೆ ನಡೆದಿತ್ತು. ಕತ್ತಲೆಯಲ್ಲಿ ಬಂದ ಎರಡು ಎಸ್.ಟಿ. ಬಸ್ಸುಗಳು ಜನರ ಸಮೇತ ಹೊಳೆಯ ಪಾಲಾದವು. ಅಲ್ಲಿ ಹೊಸ ಸೇತುವೆ 165 ದಿನಗಳಲ್ಲಿ ಎದ್ದು 2017ರ ಜೂನ್ 5ರಂದು ತೆರೆಯಿತು. ನಮ್ಮವರು ಮನಸ್ಸು ಮಾಡಿದರೆ ಎಷ್ಟು ಬೇಗ ಕಟ್ಟಬಲ್ಲರೆಂಬುದಕ್ಕೆ ಅದು ಸಾಕ್ಷಿ, ನನಗೆ ಅದರ ಬಗ್ಗೆ ಹೆಮ್ಮೆಯಿದೆ. ಆದರೆ ಆ ರಾತ್ರಿ ನೀರಿನ ಮಟ್ಟ ನೋಡಿ ರಸ್ತೆಗೆ ಅಡ್ಡ ಹಗ್ಗ ಕಟ್ಟುವ ಒಬ್ಬ ಮನುಷ್ಯ ಬೇಕಾಗಿದ್ದ. ಮುಚ್ಚುವುದಕ್ಕೆ ಹಿಂಜರಿಯಬೇಡ. 2024ರ ಆಗಸ್ಟಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ ಪಕ್ಕದ ಹೊಸ ಸೇತುವೆಯಲ್ಲೂ ಸಂಚಾರ ತಡೆದು, ಪರೀಕ್ಷಿಸಿ, ಆಮೇಲೆ ಬಿಟ್ಟರು. ಅದು ಸರಿಯಾದ ಕ್ರಮ.

ಸೇತುವೆ ಗಟ್ಟಿಯಾಗಿ ನಿಂತಿದ್ದರೂ ಅದಕ್ಕೆ ಕೂಡುವ ಏರು ರಸ್ತೆ ಹೋಗುವುದೇ ಹೆಚ್ಚು. 2021ರ ಜುಲೈಯಲ್ಲಿ ಚಿಪಳೂಣದ ವಾಶಿಷ್ಠಿಯ ಬಳಿ ಹಾಗೆಯೇ ಆಯಿತು. ನೀರು ಏರುವಾಗ ಮಾತ್ರ ಅಪಾಯವೆಂದು ತಿಳಿಯಬೇಡ. ಹೊಳೆ ಸರ್ರನೆ ಇಳಿದಾಗ ಏರಿಯ ಮಣ್ಣಿನೊಳಗಿನ ನೀರು ಅಷ್ಟೇ ಬೇಗ ಇಳಿಯಲಾರದು. ಹೊರಗಿನ ನೀರಿನ ಒತ್ತಾಸೆ ತಪ್ಪಿ, ಒಳಗಿನ ಒತ್ತಡ ಉಳಿದು, ಮಗ್ಗುಲು ಜಾರುತ್ತದೆ. ರಸ್ತೆಯ ಅಂಚಿಗೆ ಸಮಾಂತರವಾಗಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದರ ಮೇಲೆ ಅಡ್ಡಲಾಗಿ ಸಿಮೆಂಟಿನ ತೆಳು ಪಟ್ಟಿ ಎಳೆಸಿ, ದಿನಾಂಕ ಮತ್ತು ಹೊತ್ತು ಬರೆಸು. ಪಟ್ಟಿ ಸೀಳಿದರೆ ಆ ಮಗ್ಗುಲಿಗೆ ಲಾರಿ ಬಿಡುವಂತಿಲ್ಲ. ಕೊಚ್ಚಿಹೋದ ಜಾಗಕ್ಕೆ ಬರೀ ಮುರುಮ್ (ಗರಸು ಮಣ್ಣು) ಸುರಿದು ರೋಲರ್ ಓಡಿಸಿದರೆ ಮುಂದಿನ ಮಳೆ ಅದನ್ನೂ ಒಯ್ಯುತ್ತದೆ. ಕಲ್ಲು ತುಂಬಿದ ತಂತಿಬಲೆಯ ಗೇಬಿಯನ್ ಪೆಟ್ಟಿಗೆಗಳ ಹಿಂದೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಇರಲೇಬೇಕು. ಅದಿಲ್ಲದಿದ್ದರೆ ಕಲ್ಲಿನ ಸಂದುಗಳಿಂದ ಮಣ್ಣು ಸೋರಿ ಒಳಗೆ ಪೊಳ್ಳಾಗುತ್ತದೆ.

ಉಕ್ಕಿನ ಬಿಡಿಭಾಗಗಳನ್ನು ಜೋಡಿಸಿ ನಿಲ್ಲಿಸುವ ಬೇಯ್ಲಿ (Bailey) ಸೇತುವೆ, ಕಾಂಕ್ರೀಟಿನ ಹ್ಯೂಮ್ ಪೈಪಿನ ಬಳಸುದಾರಿ ಇವೆಲ್ಲ ಒಳ್ಳೆಯ ಉಪಾಯಗಳೇ. ಆದರೆ ತಾತ್ಕಾಲಿಕವಾದದ್ದು ವರ್ಷಗಟ್ಟಲೆ ಉಳಿದುಬಿಡುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ. ಆದಕಾರಣ ಎಷ್ಟು ಟನ್ನಿನವರೆಗೆ, ಎಷ್ಟು ವೇಗದಲ್ಲಿ, ಯಾವ ದಿನಾಂಕದವರೆಗೆ ಎಂಬುದನ್ನು ಫಲಕದಲ್ಲಿಯೂ ಅಳತೆ ಪುಸ್ತಕದಲ್ಲಿಯೂ ಬರೆದು ಸಹಿ ಮಾಡು. ಮೇಲಿನವರು ಬಾಯಿಮಾತಿನಲ್ಲಿ ಭಾರ ಹೆಚ್ಚಿಸು ಎಂದರೆ, ಬರಹದಲ್ಲಿ ಕೊಡಿ ಎಂದು ವಿನಯದಿಂದಲೇ ಕೇಳು.

ಇನ್ನೊಂದು ಮಾತು. ಮೊದಲ ದೊಡ್ಡ ಮಳೆಗೆ ಮುಂಚೆಯೇ ನಿನ್ನ ಪಾಲಿನ ಪ್ರತಿಯೊಂದು ಸೇತುವೆಯ ಮೂಲ ನಕ್ಷೆಯನ್ನು ಹುಡುಕಿಸಿ, ಅಡಿಪಾಯದ ಮಟ್ಟವನ್ನು ಪಿಯರಿನ ಮೇಲೆಯೇ ಬಣ್ಣದಲ್ಲಿ ಬರೆಸಿಡು. ನೆರೆ ಬಂದ ರಾತ್ರಿ ಕಚೇರಿಯ ಕಪಾಟು ತೆರೆಯುವವರು ಯಾರೂ ಸಿಗುವುದಿಲ್ಲ. ನಕ್ಷೆ ಸಿಗದ ಸೇತುವೆಗಳ ಪಟ್ಟಿಯನ್ನು ನನಗೆ ಕಳಿಸು. ಹಳೆಯ ಸಹೋದ್ಯೋಗಿಗಳಲ್ಲಿ ಕೆಲವರು ಇಲ್ಲಿಯೇ ಇದ್ದಾರೆ, ಅವರನ್ನು ವಿಚಾರಿಸಿ ತಿಳಿಸುತ್ತೇನೆ.

ಇತಿ ನಿನ್ನ
ಕಾಕಾ